ಕಳ್ಳರ ಮಾತಿನ ಮಳೆಗಾಲ

ಗೂಡಲೂರು ಬಿಟ್ಟ ಬಸ್ಸು ತಿರುವು ತಿರುವಿಗೂ ಏದುಸಿರು ಬಿಡುತ್ತಾ ನಡುವಟ್ಟಂ ತಲುಪುವ ಹೊತ್ತಿಗೆ ಕಿಟಕಿಯ ಗಾಜೆಲ್ಲ ಮಬ್ಬಾಗಿತ್ತು. ಮುಂದಿನ ಸೀಟಿನಾಕೆ ಮಗುವಿಗೆ ಹೊಟ್ಟೆ ತೊಳಸುತ್ತದೆಂದು ಗಾಜು ಸರಿಸಿದಳು. ತಣ್ಣನೆಯ ಗಾಳಿಯ ಜೊತೆ ಒಳಗೆ ಬಂದದ್ದು ಫ್ಯಾಕ್ಟರಿಯಲ್ಲಿ ಬಾಡಲು ಹರವಿದ ಚಹಾ ಎಲೆಯ ವಾಸನೆ. ಲೋಟದಲ್ಲಿ ಹಬೆಯಾಡುವ ಚಹಾದ ಪರಿಮಳ ಬೇರೆ, ಇದು ಬೇರೆ. ಒದ್ದೆ ಹುಲ್ಲಿನ ಹಾಗೆ, ಸ್ವಲ್ಪ ಹಣ್ಣಿನ ಹಾಗೆ. ಮೈಸೂರಿನಲ್ಲಿ ಟೀಚರಾಗಿ ಇಷ್ಟು ವರ್ಷ ಕಳೆದ ನನ್ನ ಮೂಗಿಗೆ ಇನ್ನೂ ಅದು ಗೊತ್ತಾಗುತ್ತದಲ್ಲ ಎಂದು ಖುಷಿಯಾಯಿತು. ಖುಷಿಯ ಹಿಂದೆಯೇ ನಾನು ಪ್ಲಸ್ ಟೂ ಓದುತ್ತಿದ್ದ ವರ್ಷದ ಮಳೆಗಾಲ ನೆನಪಾಯಿತು. ಪಕ್ಕದ ಸೀಟಿನವರು ನೋಡುವಷ್ಟು ಗಟ್ಟಿಯಾಗಿ ನಕ್ಕುಬಿಟ್ಟೆ.

ಆಗ ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು. ನಮ್ಮ ಹಟ್ಟಿ ಉದಕಮಂಡಲದಿಂದ ನಡುವಟ್ಟಂ ಕಡೆಗೆ ಬರುವ ದಾರಿಯಲ್ಲಿ, ರಸ್ತೆಯಿಂದ ಸ್ವಲ್ಪ ಇಳಿಜಾರಿನಲ್ಲಿ. ಸಾಲು ಮನೆಗಳು, ಹಿಂದೆ ಎಲ್ಲರದೂ ಒಂದಿಷ್ಟು ಚಹಾ ತೋಟ. ನಮ್ಮ ಮನೆಯಲ್ಲಿ ಅಪ್ಪ, ಅವ್ವೆ, ಭೋಜಣ್ಣ, ನಾನು. ಆ ಮೇ ತಿಂಗಳಲ್ಲಿ ಭೋಜಣ್ಣನ ಮದುವೆಯಾಗಿ ರುಕ್ಮಿ ಅತ್ತಿಗೆ ಬಂದಳು. ಅವಳದು ಅರವಂಕಾಡಿನ ಆಚೆಯ ಹಟ್ಟಿ. ಮದುವೆಯ ದಿನ ಪದ್ಧತಿಯಂತೆ ಕೊಡ ಹಿಡಿದು ನೀರು ತಂದಳು, ಹಿರಿಯರೆಲ್ಲ ತಲೆ ಮುಟ್ಟಿ ಹರಸಿದರು, ನೆಂಟರು ಊಟ ಮಾಡಿ ಹೋದರು. ಅಷ್ಟಾದ ಮೇಲೆ ಮನೆಯಲ್ಲಿ ಸದ್ದೇ ಇಲ್ಲ.

ಸದ್ದಿಲ್ಲದಿರಲು ಮುಖ್ಯ ಕಾರಣ ನಮ್ಮ ಭೋಜಣ್ಣ. ಅಂಥ ಮೌನಿಯನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೊಯಮತ್ತೂರಿನಲ್ಲಿ ಓದಿ, ಕರೆಂಟ್ ಆಫೀಸಿನಲ್ಲಿ ವೈರ್‌ಮನ್ ಆಗಿದ್ದ. ಗಾಳಿಮಳೆಗೆ ತಂತಿ ಹರಿದರೆ ಕಂಬ ಹತ್ತಿ ಯಾವ ಹೆದರಿಕೆಯೂ ಇಲ್ಲದೆ ಕೆಲಸ ಮಾಡುವವನು, ಹೆಂಡತಿ ಎದುರು ಬಂದರೆ ಗೋಡೆಯ ಕ್ಯಾಲೆಂಡರ್ ಓದುತ್ತಿದ್ದ. ಕಾಪಿ ಬೇಕಾ ಅಂದರೆ "ಹೂಂ". ಸಾಕಾ ಅಂದರೂ "ಹೂಂ". ಯಾವ ಹೂಂ ಯಾವುದೆಂದು ಅವಳೇ ಲೆಕ್ಕ ಹಾಕಿಕೊಳ್ಳಬೇಕು.

ಅವ್ವೆಗೆ ಇದರಿಂದ ಒಳಗೊಳಗೇ ದಿಗಿಲು. ನಮ್ಮ ಬಡಗರಲ್ಲಿ ಹಿಂದಿನಿಂದ ಒಂದು ಮರ್ಯಾದೆ ಇದೆ. ಬಂದ ಹೆಣ್ಣಿಗೆ ಮನಸ್ಸು ಒಪ್ಪದಿದ್ದರೆ ತನ್ನ ಹಟ್ಟಿಗೆ ತಿರುಗಿ ಹೋಗಬಹುದು, ಯಾರೂ ಅವಳನ್ನು ಬೈಯುವ ಹಾಗಿಲ್ಲ, ತಡೆಯುವ ಹಾಗೂ ಇಲ್ಲ. ಮೊದಲ ಬಸುರಿನಲ್ಲಿ ಗಂಡ ಅವಳ ಕೊರಳಿಗೆ ದಾರ ಕಟ್ಟುತ್ತಾನೆ. ಅದಕ್ಕೆ ಕನ್ನಿ ಎನ್ನುತ್ತೇವೆ. ಕನ್ನಿ ಕಟ್ಟಿದ ಮೇಲೇ ಮದುವೆ ಗಟ್ಟಿ. ಅಲ್ಲಿಯವರೆಗೆ ಹೆಣ್ಣು ಆ ಮನೆಯಲ್ಲಿ ಇರುವುದು ಅವಳ ಮನಸ್ಸಿನಿಂದ ಮಾತ್ರ. ಮೇಲಿನ ಮನೆಗೆ ಬಂದಿದ್ದ ಸೊಸೆ ಹಿಂದಿನ ವರ್ಷವಷ್ಟೇ ಹಾಗೆ ಹೋಗಿದ್ದಳು. ಆ ಮನೆಯಾಕೆ ಆಗಲೂ ಒಂದು ಲೋಟ ಜಾಸ್ತಿ ಕಾಪಿ ಕಾಸಿ ಚೆಲ್ಲುತ್ತಿದ್ದಳು.

"ರುಕ್ಮಿ ಒಲೆ ಮುಂದೆ ಕೂತರೂ ಕಣ್ಣು ಬಾಗಿಲ ಮೇಲೆ ಇದೆ" ಎಂದು ಅವ್ವೆ ನನ್ನ ಹತ್ತಿರ ಹೇಳಿದಳು. "ನಿನ್ನ ಅಣ್ಣನಿಗೆ ನಾಲಗೆ ಇದೆಯಾ ಇಲ್ಲೆಯಾ, ನೀ ನೋಡಿದ್ದೆಯಾ?"

ನಾವು ಮನೆಯಲ್ಲಿ ಆಡುವುದು ಬಡಗ. ಓದುವವರಿಗೆ ತೊಡಕಾಗದಿರಲೆಂದು ಇಲ್ಲಿ ಕನ್ನಡದ ಹತ್ತಿರಕ್ಕೆ ತಂದು ಬರೆಯುತ್ತಿದ್ದೇನೆ, ಅಲ್ಲಲ್ಲಿ ಹಾಗೇ ಬಿಟ್ಟಿದ್ದೇನೆ.

ಜೂನ್ ಮುಗಿಯುವಾಗ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಉದಕಮಂಡಲದವರಿಗೆ ತಿಳಿಯುವುದಿಲ್ಲ. ಗೂಡಲೂರಿನ ಕಣಿವೆಯಿಂದ ಅದು ಅಡ್ಡಡ್ಡ ಬರುತ್ತದೆ, ಕೊಡೆ ಹಿಡಿದವನಿಗೇ ಜಾಸ್ತಿ ನೆನೆಯುವ ಯೋಗ. ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿ, ಟಿವಿ ನಿಂತು, ನಾನು ಕೆಮಿಸ್ಟ್ರಿ ಪುಸ್ತಕದ ಮೇಲೆ ತಲೆ ಇಟ್ಟು ತೂಕಡಿಸುತ್ತಿದ್ದಾಗ ಭೋಜಣ್ಣ ತನ್ನ ಟ್ರಂಕು ತೆಗೆದ. ಒಳಗಿಂದ ಒಂದು ಜೆರಾಕ್ಸ್ ಪುಸ್ತಕವನ್ನೂ ಒಂದು ಕೆಂಪು ದಾಳವನ್ನೂ ತೆಗೆದು ಚಾಪೆಯ ಮೇಲಿಟ್ಟ. ಆ ದಾಳಕ್ಕೆ ಇಪ್ಪತ್ತು ಮುಖ. ಅವ್ವೆ ಅದನ್ನು ಕೈಯಲ್ಲಿ ಹಿಡಿದು ನೋಡಿ, "ಏನಿದು, ಕಲ್ಲು ನೆಲ್ಲಿಕಾಯಿಯಾ?" ಎಂದಳು. ಅಂದಿನಿಂದ ಅದರ ಹೆಸರು ನೆಲ್ಲಿಕಾಯಿ.

"ಹಾಸ್ಟೆಲಿನಲ್ಲಿ ಆಡ್ತಿದ್ದೆವು" ಎಂದ ಅಣ್ಣ. ಮದುವೆಯಾದ ಮೇಲೆ ಅವನ ಬಾಯಿಂದ ಬಂದ ಅತಿ ಉದ್ದದ ಮಾತು ಅದೇ ಎಂದುಕೊಳ್ಳುವಷ್ಟರಲ್ಲಿ ಇನ್ನೂ ಮುಂದುವರಿಸಿದ. "ಬೋರ್ಡ್ ಇಲ್ಲೆ, ಕಾಯಿ ಇಲ್ಲೆ. ನಾ ಕತೆ ಹೇಳುವೆ. ಕತೆಯೊಳಗೆ ನಿಂಗ ಯಾರು ಅಂತ ನಿಂಗಳೇ ಹೇಳಬೇಕು, ಏನು ಮಾಡುವಿರಿ ಅಂತಲೂ. ಮಾಡಿದ್ದು ಆಯ್ತಾ ಇಲ್ಲೆಯಾ ಅಂತ ನೆಲ್ಲಿಕಾಯಿ ಹೇಳ್ತದೆ."

ಕತೆಯ ಊರಿನ ಹೆಸರು ಕಲ್ಲೂರು. ಸುತ್ತ ಕೋಟೆ, ಒಳಗೆ ಅರಮನೆ, ಬಾಗಿಲಿಗೊಬ್ಬ ಕಾವಲಿನವ, ಸಂತೆಬೀದಿಯಲ್ಲಿ ಒಂದು ಸತ್ರ. ನಾನು ಮಂತ್ರವಾದಿ ಆಗುತ್ತೇನೆಂದೆ. ಅತ್ತಿಗೆ ಒಲೆಯ ಹತ್ತಿರದಿಂದಲೇ, ಯಾರನ್ನೂ ನೋಡದೆ, "ನಾ ಕಳ್ಳಿ" ಎಂದಳು. ಅಣ್ಣ ಕ್ಯಾಲೆಂಡರ್ ಬಿಟ್ಟು ಅವಳ ಕಡೆ ನೋಡಿದ. ಅವಳ ಕಳ್ಳಿಯ ಹೆಸರು ಗುಬ್ಬಿ. ಅದನ್ನು ಕೇಳಿದ ಕೂಡಲೇ ನನಗೂ ಮಂತ್ರವಾದ ಬೇಡವಾಯಿತು. ನಾನೂ ಕಳ್ಳಿಯಾದೆ.

ಆಮೇಲೆ ನಡೆದದ್ದನ್ನು ನೋಡಿ ಅವ್ವೆ ಒಲೆ ಊದುವುದನ್ನೇ ಮರೆತಳು. ಭೋಜಣ್ಣ ಮಾತಾಡುತ್ತಿದ್ದ! ಸತ್ರದವನಾಗಿ ಬೆಲ್ಲದಂಥ ದನಿ, ಕಾವಲಿನವನಾಗಿ ಗಡಸು ದನಿ, ಸಂತೆಯ ಮುದುಕಿಯಾಗಿ ನಡುಗುವ ದನಿ. ಸತ್ರದವನಂತೂ ಗುಬ್ಬಿಗೆ, "ಮಳೆಯಲ್ಲಿ ಬಂದಿದ್ದೀಯ, ಒಲೆ ಹತ್ತಿರ ಕೂತುಕೋ, ಮೊದಲು ಕೈ ಕಾಯಿಸಿಕೋ, ಕತೆ ಆಮೇಲೆ ಹೇಳುವೆಯಂತೆ" ಎಂದ. ಅತ್ತಿಗೆ ನಿಜವಾಗಿಯೂ ಒಲೆಗೆ ಕೈ ಚಾಚಿದಳು. ಅವಳು ನಮ್ಮ ಮನೆಯಲ್ಲಿ ನಕ್ಕದ್ದನ್ನು ನಾನು ನೋಡಿದ್ದು ಆವತ್ತೇ ಮೊದಲು.

ಆ ಜೆರಾಕ್ಸ್ ಪುಸ್ತಕದಲ್ಲಿ ಕಳ್ಳರ ಬಗ್ಗೆ ಬರೆದ ಹಾಳೆ ಇತ್ತು. ಗೋಡೆ ಹತ್ತುವುದು, ಬೀಗ ತೆಗೆಯುವುದು ಎಲ್ಲ ಹೇಳಿ, ಕೊನೆಗೆ ಕಳ್ಳರಿಗೆ ತಮ್ಮದೇ ಒಂದು ಗುಟ್ಟಿನ ಮಾತು ಇರುತ್ತದೆ, ಎದುರಿಗೆ ನಿಂತವನಿಗೂ ಅದು ತಿಳಿಯುವುದಿಲ್ಲ ಎಂದಿತ್ತು. ಆ ಮಾತು ಯಾವುದು? ಅದು ಮಾತ್ರ ಇಲ್ಲ. ಹಾಳೆ ತಿರುಗಿಸಿದರೆ ಕುದುರೆಗಳ ವಿಷಯ.

"ನಿಂಗಳೇ ಮಾಡಿಕೊಳ್ಳಿ" ಎಂದ ಅಣ್ಣ. "ಹೊಸ ಶಬ್ದ ಬೇಡ. ಹೊಸ ಶಬ್ದ ಆಡಿದರೆ ಕಾವಲಿನವನಿಗೆ ಅನುಮಾನ ಬರ್ತದೆ. ದಿನಾ ಆಡುವ ಮಾತನ್ನೇ ಆಡಬೇಕು, ಒಳಗೆ ಬೇರೆ ಇರಬೇಕು. ನಾ ಕಾವಲಿನವ. ನನಗೆ ತಿಳಿಯೋದಿಲ್ಲೆ. ತಿಳಿದರೂ ತಿಳಿಯದ ಹಾಗೆ ಇರೋದು ನಿಯಮ."

ಅತ್ತಿಗೆಗೂ ನನಗೂ ಇದೊಂದು ಹುಚ್ಚೇ ಹಿಡಿಯಿತು. ಶನಿವಾರ ತೋಟದಲ್ಲಿ ಎಲೆ ಕೊಯ್ಯುವಾಗ, ಪ್ಲಾಸ್ಟಿಕ್ ಹೊದ್ದುಕೊಂಡು ಸಾಲಿನ ಆ ಕಡೆ ಈ ಕಡೆ ನಿಂತು ಮಾತು ಕಟ್ಟುತ್ತಿದ್ದೆವು. ಅವಳ ತಲೆ ಓಡುವುದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ನಮ್ಮಲ್ಲಿ ಯಾರನ್ನು ಕಂಡರೂ ಮೊದಲು ಕೇಳುವುದು "ಕೂ ತಿಂದೆಯಾ?" ಎಂದು, ಅಂದರೆ ಊಟ ಆಯಿತಾ ಎಂದು. ಅದನ್ನೇ ಅವಳು ತಿರುಗಿಸಿದಳು. ಕಳ್ಳರ ಮಾತಿನಲ್ಲಿ ಅದರ ಅರ್ಥ, ಕಾವಲಿನವ ಹತ್ತಿರ ಇದ್ದಾನಾ? "ತಿಂದೆ" ಅಂದರೆ ಇದ್ದಾನೆ, ಬಾಯಿ ಮುಚ್ಚು. "ಇನ್ನೂ ಇಲ್ಲೆ" ಅಂದರೆ ದಾರಿ ಖಾಲಿ. ತೋಟದ ಎಲೆ ಫ್ಯಾಕ್ಟರಿಗೆ ಹೋದರೆ ತಿರುಗಿ ಬರುತ್ತದೆಯೇ? ಹಾಗಾಗಿ "ಎಲೆ ಫ್ಯಾಕ್ಟರಿಗೆ ಹೋಗ್ತದೆ" ಅಂದರೆ, ಹೊರಟದ್ದು ಇನ್ನು ತಿರುಗಿ ಬರುವುದಿಲ್ಲ. "ಬಲಿತ ಎಲೆ" ಅಂದರೆ ಶುದ್ಧ ದಡ್ಡ. ಆಗ ಎಲೆಗೆ ರೇಟು ಬಿದ್ದ ಕಾಲ. ಫ್ಯಾಕ್ಟರಿಯವರು ಮೂಟೆ ಬಿಚ್ಚಿ ಕೈಯಾಡಿಸಿ, ಎಳೆಯ ಚಿಗುರಿನ ನಡುವೆ ಒಂದು ಬಲಿತ ಎಲೆ ಕಂಡರೂ ಮೂಟೆಯನ್ನೇ ಹಿಂದಕ್ಕೆ ತಳ್ಳುತ್ತಿದ್ದರು. ನಿನ್ನದು ಬಲಿತ ಎಲೆ ಎಂದು ಒಬ್ಬ ಬೆಳೆಗಾರನ ಮುಖಕ್ಕೆ ಹೇಳುವುದೂ ಒಂದೇ, ಅವನ ಮನೆತನವನ್ನು ಬೈಯುವುದೂ ಒಂದೇ.

ತೊಂದರೆ ಏನಾಯಿತೆಂದರೆ, ಅವ್ವೆ ದಿನಕ್ಕೆ ಹತ್ತು ಸಲ ಕೂ ತಿಂದೆಯಾ ಎಂದು ಕೇಳುವವಳು. ಅವಳು ಕೇಳಿದ ಕೂಡಲೇ ಅತ್ತಿಗೆಯೂ ನಾನೂ ತಲೆ ತಿರುಗಿಸಿ ಕಾವಲಿನವ ಎಲ್ಲಿದ್ದಾನೆಂದು ನೋಡುತ್ತಿದ್ದೆವು. ಅಣ್ಣ ಕಂಡರೆ, ಹಸಿವಿನಿಂದ ಸಾಯುತ್ತಿದ್ದರೂ "ತಿಂದೆ" ಎನ್ನುತ್ತಿದ್ದೆವು. ಆಮೇಲೆ ಗುಟ್ಟಾಗಿ ಹೋಗಿ ಪಾತ್ರೆ ಕೆರೆಯುತ್ತಿದ್ದೆವು.

ಜುಲೈ, ಆಗಸ್ಟ್ ಹೀಗೇ ಹೋಯಿತು. ಭಾನುವಾರ ಬಂದರೆ ಚಾಪೆ ಹಾಸುವುದು. ಗುಬ್ಬಿಯೂ ನಾನೂ ಕಲ್ಲೂರಿನ ಸಂತೆಯಲ್ಲಿ ಎಲೆ, ಮೂಟೆ, ಮಂಜು ಎಂದು ಮಾತಾಡಿಕೊಂಡು ಕಾವಲಿನವನ ಮೂಗಿನಡಿಯಲ್ಲೇ ಅರಮನೆಯ ಬೀಗದ ಕೈ ಹಾರಿಸಿದೆವು. ಕಾವಲಿನವ ಮೀಸೆ ತಿರುವುತ್ತಾ, "ಈ ಹೆಂಗಸರು ಬರೀ ತೋಟದ ಮಾತು ಆಡ್ತಾರಪ್ಪ" ಎನ್ನುತ್ತಿದ್ದ. ಅಪ್ಪ ಮೂಲೆಯಲ್ಲಿ ಕಂಬಳಿ ಹೊದ್ದು ಕೂತು, "ನೀವು ಹೇಳೋ ತೋಟ ಯಾರದು?" ಎಂದು ಆಗಾಗ ಕೇಳುತ್ತಿದ್ದರು. ಅವರಿಗೆ ಕೊನೆಯವರೆಗೂ ಅದು ಆಟವೆಂದು ಗೊತ್ತಾಗಲಿಲ್ಲ. ನಾನಂತೂ ಮನಸ್ಸಿನಲ್ಲೇ ಅವ್ವೆಗೆ ಅಭಯ ಕೊಟ್ಟಿದ್ದೆ, ಇನ್ನು ಹೆದರಬೇಡ, ಇವರಿಬ್ಬರದು ಸರಿಹೋಯಿತು ಎಂದು.

ಸರಿಹೋಗಿರಲಿಲ್ಲ. ಸೆಪ್ಟೆಂಬರಿನ ಮೊದಲಲ್ಲಿ ಒಂದು ಬೆಳಿಗ್ಗೆ ತೋಟದಲ್ಲಿ ಅತ್ತಿಗೆ ಬುಟ್ಟಿ ಕೆಳಗಿಟ್ಟು ನಿಂತಳು. ಮಳೆ ಬಿಟ್ಟಿತ್ತು, ಗಿಡಗಳಿಂದ ಮಾತ್ರ ನೀರು ತೊಟ್ಟಿಕ್ಕುತ್ತಿತ್ತು.

"ಆ ಸತ್ರದವ ನನ್ನ ಹತ್ತಿರ ಮಾತಾಡ್ತಾನೆ ಶಾರಿ. ನಿನ್ನ ಅಣ್ಣ ಮಾತಾಡೋದಿಲ್ಲೆ."

"ಸತ್ರದವ ಅಣ್ಣನೇ ಅಲ್ಲವಾ ಅತ್ತಿಗೆ?"

"ಚಾಪೆ ಸುತ್ತಿಟ್ಟ ಮೇಲೆ ಎಲ್ಲಿ ಹೋಗ್ತಾನೆ ಅವನು? ಕೋಣೆಗೆ ಬಂದರೆ ಗೋಡೆಗೆ ತಿರುಗಿ ಮಲಗ್ತಾನೆ. ನಾ ಬೇಡವಾದರೆ ಬೇಡ ಅನ್ನಲಿ. ಕತೆಯಲ್ಲಿ ಗುಬ್ಬಿಗೆ ಚಳಿಯಾದರೆ ಅವನಿಗೆ ತಿಳೀತದೆ, ನನಗೆ ಚಳಿಯಾದರೆ ತಿಳಿಯೋದಿಲ್ಲೆ."

ಹದಿನೇಳರ ಹುಡುಗಿ ನಾನು. ಅವಳ ಕೈ ಹಿಡಿದುಕೊಂಡೆ. ಚಹಾ ಎಲೆಯ ಕರೆಯಿಂದ ಇಬ್ಬರ ಬೆರಳೂ ಕಪ್ಪಾಗಿದ್ದವು.

ಅದಾಗಿ ಕೆಲವು ದಿನಕ್ಕೆ, ಅವಳ ತಾಯಿಗೆ ಮಂಡಿನೋವು ಜಾಸ್ತಿಯಾಗಿದೆ, ನೋಡಿ ಬರುತ್ತೇನೆ ಎಂದಳು. ಅಪ್ಪ ಹೋಗಿ ಬಾ ಎಂದರು. ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದೆವು. ಅತ್ತಿಗೆ ಅವರೆಕಾಳಿನ ಸಾರು ಬಡಿಸುತ್ತಾ ನನ್ನ ತಟ್ಟೆಯ ಮುಂದೆ ನಿಂತು, ತೀರಾ ಸಾಮಾನ್ಯ ದನಿಯಲ್ಲಿ ಹೇಳಿದಳು: "ಶಾರಿ, ಎಲೆ ಫ್ಯಾಕ್ಟರಿಗೆ ಹೋಗ್ತದೆ."

ಎತ್ತಿದ ತುತ್ತನ್ನು ತಟ್ಟೆಗೇ ಬಿಟ್ಟೆ. "ಯಾವ ಎಲೆ?" ಎಂದೆ.

"ಮೇ ತಿಂಗಳಲ್ಲಿ ನೆಟ್ಟದ್ದು."

"ಮೇ ತಿಂಗಳಲ್ಲಿ ಯಾರು ನೆಟ್ಟರು?" ಎಂದರು ಅಪ್ಪ. "ನೆಟ್ಟ ವರ್ಷವೇ ಎಲೆ ಕೊಯ್ಯೋದುಂಟಾ? ಗಿಡ ಹಾಳಾಗ್ತದೆ ಹೆಣ್ಣೆ."

"ಹೌದು ಮಾಮ, ಹಾಳಾಗ್ತದೆ" ಎಂದಳು ಅತ್ತಿಗೆ. ಅಣ್ಣ ಉಪ್ಪು ಕೇಳಿದ. ಅವ್ವೆ ಒಲೆಯ ಕಡೆ ತಿರುಗಿ ಬೆಂಕಿ ಊದಿದಳು. ಬೆಂಕಿ ಚೆನ್ನಾಗಿಯೇ ಉರಿಯುತ್ತಿತ್ತು.

ಕಳ್ಳರ ಮಾತನ್ನು ಹೊರಗೆ ಹೇಳುವುದಿಲ್ಲ ಎಂದು ನಾವಿಬ್ಬರೂ ಆಣೆ ಮಾಡಿದ್ದೆವು, ಹೇಳಲಿಲ್ಲ. ಹೇಳಬೇಕಾಗಿತ್ತೇ ಎಂದು ಯೋಚಿಸಿದ್ದೇನೆ. ಹೇಳದಿದ್ದದ್ದೇ ಸರಿ. ಅವಳಿಗೆ ಹೋಗುವ ಹಕ್ಕಿತ್ತು, ನನ್ನನ್ನು ನಂಬಿ ಅದನ್ನು ನನಗೊಬ್ಬಳಿಗೆ ತಿಳಿಸಿದ್ದಳು. ಮರುದಿನ ಅಣ್ಣ ಅವಳ ಚೀಲ ಹೊತ್ತು ರಸ್ತೆಗೆ ಬಂದ. ಬಸ್ಸಿನೊಳಗೆ ಹತ್ತಿ ಸೀಟಿನ ಮೇಲೆ ಚೀಲ ಇಟ್ಟು, "ಹುಷಾರು" ಎಂದು ಇಳಿದ. ಅತ್ತಿಗೆ ಕಿಟಕಿಯಿಂದ ಅವನನ್ನೇ ನೋಡುತ್ತಿದ್ದಳು. ಇನ್ನೊಂದು ಮಾತಿಗೆ ಕಾಯುತ್ತಿದ್ದಳೆಂದು ನನಗೆ ಈಗಲೂ ಖಾತ್ರಿ. ಮಂಜು ಬಂದು ಬಸ್ಸು ಕಾಣದಾಯಿತು. ಅಣ್ಣ ಅಲ್ಲೇ ನಿಂತಿದ್ದ. ನಾನು ಮನೆಗೆ ಓಡಿಬಂದು ಹೊಟ್ಟೆ ತುಂಬ ಅತ್ತೆ.

ಬರುತ್ತೇನೆಂದ ದಿನ ಅವಳು ಬರಲಿಲ್ಲ. ಅದರಾಚೆಯ ವಾರವೂ ಬರಲಿಲ್ಲ. ಒಂದು ಭಾನುವಾರ ಭೋಜಣ್ಣ ಒಬ್ಬನೇ ಚಾಪೆ ಹಾಸಿ ಕೂತು ದಾಳ ಉರುಳಿಸುತ್ತಿದ್ದ. ಬಿದ್ದ ಸಂಖ್ಯೆಯನ್ನು ನೋಡುವುದು, ಮತ್ತೆ ಉರುಳಿಸುವುದು. ಅವ್ವೆ ಸೌಟು ಹಿಡಿದುಕೊಂಡೇ ಬಂದು ಅವನ ಎದುರು ಕೂತಳು.

"ನೆಲ್ಲಿಕಾಯಿ ಉರುಳಿಸಿದರೆ ರುಕ್ಮಿ ಬರ್ತಾಳಾ?"

ಅಣ್ಣ ಇನ್ನೊಮ್ಮೆ ಉರುಳಿಸಿದ.

"ಎಲೆ ಫ್ಯಾಕ್ಟರಿಗೆ ಹೋಗ್ತದೆ ಅಂತ ಅವಳು ಅಂದಾಗ ನೀ ಅಲ್ಲೇ ಕೂತಿದ್ದೆ. ಕೇಳಿಸಿತಾ ಇಲ್ಲೆಯಾ?"

ನಾನು ಪುಸ್ತಕ ಕೆಳಗೆ ಹಾಕಿದೆ. "ಅವ್ವೆ, ನಿನಗೆ ಹೇಗೆ ಗೊತ್ತು?"

"ಮಳೆಗಾಲ ಪೂರ್ತಿ ಒಲೆ ಮುಂದೆ ಕೂತಿದ್ದೇನೆ. ಕೂ ತಿಂದೆಯಾ ಅಂತ ಕೇಳಿದರೆ ಈ ಮನೆಯಲ್ಲಿ ಒಬ್ಬಳೂ ನೆಟ್ಟಗೆ ಉತ್ತರ ಕೊಡೋದಿಲ್ಲೆ. ತಿಂದೆ ಅಂತ ಹೇಳಿ ಆಮೇಲೆ ಪಾತ್ರೆ ಕೆರೀತೀರಿ. ನನಗೆ ತಿಳಿಯೋದಿಲ್ಲವಾ?" ಮತ್ತೆ ಅಣ್ಣನ ಕಡೆ ತಿರುಗಿದಳು. "ಕೇಳಿಸಿತಾ?"

"ಕೇಳಿಸಿತು" ಎಂದ ಅಣ್ಣ.

"ಮತ್ತೆ ಏಕೆ ಸುಮ್ಮನಿದ್ದೆ?"

"ಕಾವಲಿನವನಿಗೆ ಕಳ್ಳರ ಮಾತು ತಿಳಿಯಬಾರದು. ಅದು ನಿಯಮ."

ಅವ್ವೆಯ ಮುಖ ನೋಡಬೇಕಿತ್ತು. ಸೌಟಿನಿಂದ ಹೊಡೆಯುತ್ತಾಳೆಂದೇ ಅಂದುಕೊಂಡೆ. ಹೊಡೆಯಲಿಲ್ಲ. ಸೌಟನ್ನು ಚಾಪೆಯ ಮೇಲಿಟ್ಟು, ತಲೆಗೆ ಕಟ್ಟಿದ ಮಂಡೆಪಟ್ಟಿನ ಬಟ್ಟೆ ಸರಿಮಾಡಿಕೊಂಡು, ಮೆಲ್ಲಗೆ ಕೇಳಿದಳು. "ನೀ ಅವಳಿಗೆ ಕಾವಲಿನವನಾ?"

ಅಣ್ಣನ ಕಣ್ಣಲ್ಲಿ ನೀರು ಬಂತು. "ಅವಳಿಗೆ ಹೋಗೋ ಮನಸ್ಸಿದ್ದರೆ ತಡೆಯಲು ನಾ ಯಾರು? ನಮ್ಮಲ್ಲಿ ತಡೆಯಬಾರದು ಅಂತ ನೀನೇ ಹೇಳ್ತಿದ್ದೆ. ನನ್ನಂಥವನನ್ನು ಕಟ್ಟಿಕೊಂಡು ಅವಳು..."

"ತಡಿ ಅಂತ ಯಾರು ಹೇಳಿದರು? ಕೇಳು ಅಂದೆ. ಇರ್ತೀಯಾ ಅಂತ ಕೇಳು. ಇಲ್ಲೆ ಅಂದರೆ ಎದ್ದು ಬಾ."

ಮರುದಿನ ಅಣ್ಣ ರಜೆ ಹಾಕಿದ. ಒಬ್ಬನೇ ಹೋದರೆ ಅಲ್ಲಿ ಕ್ಯಾಲೆಂಡರ್ ಓದಿಕೊಂಡು ಬರುತ್ತಾನೆಂದು ಅವ್ವೆ ನನ್ನನ್ನೂ ಒಂದು ದಿನ ಸ್ಕೂಲು ಬಿಡಿಸಿ ಕಳಿಸಿದಳು. ಉದಕಮಂಡಲದಲ್ಲಿ ಬಸ್ಸು ಬದಲಾಯಿಸಿ, ಅರವಂಕಾಡಿನಲ್ಲಿ ಇಳಿದು, ಹಟ್ಟಿಗೆ ನಡೆದೆವು. ದಾರಿಯುದ್ದಕ್ಕೂ ಅಣ್ಣ ತುಟಿ ಅಲ್ಲಾಡಿಸುತ್ತಾ ಏನನ್ನೋ ಬಾಯಿಪಾಠ ಮಾಡುತ್ತಿದ್ದ.

ಅತ್ತಿಗೆಯ ಅಪ್ಪ ಆ ಹಟ್ಟಿಯಲ್ಲೇ ಹೆಸರಾದ ಬೆಳೆಗಾರರು. ಅವರ ಎಲೆಯನ್ನು ಫ್ಯಾಕ್ಟರಿಯವರು ಮೂಟೆ ಬಿಚ್ಚದೆ ತೆಗೆದುಕೊಳ್ಳುತ್ತಾರೆಂದು ಅವರಿಗೆ ಹೆಮ್ಮೆ. ನಮ್ಮನ್ನು ಕೂರಿಸಿದರು. ಅವರ ತಮ್ಮನೂ ಬಂದು ಕೂತರು. ಇಬ್ಬರಿಗೂ ವಿಷಯ ಗೊತ್ತು, ಇಬ್ಬರೂ ಎತ್ತಲಿಲ್ಲ. ಮಳೆ ಹೇಗೆ, ಕರೆಂಟು ಹೇಗೆ, ದಾರಿಯಲ್ಲಿ ಮಣ್ಣು ಕುಸಿದಿದೆಯಾ ಎಂದು ಕೇಳಿದರು. ಅಣ್ಣ ಎಲ್ಲಕ್ಕೂ ಹೂಂ ಎಂದ. ಒಳಗಿನಿಂದ ಅತ್ತಿಗೆ ಕಾಪಿಯನ್ನೂ ಕರಿದ ಸಿಹಿ ತುಪ್ಪದಿಟ್ಟನ್ನೂ ತಂದಿಟ್ಟು ಬಾಗಿಲ ಪಕ್ಕ ನಿಂತಳು. ಸೊರಗಿದ್ದಳು. ನನ್ನನ್ನು ನೋಡಿ ಸ್ವಲ್ಪ ನಕ್ಕಳು, ಅಣ್ಣನ ಕಡೆ ನೋಡಲಿಲ್ಲ.

ಅಣ್ಣನ ಬಾಯಿಪಾಠವೆಲ್ಲ ಮರೆತುಹೋಗಿತ್ತೆಂದು ಆಮೇಲೆ ಅವನೇ ಹೇಳಿದ. ಲೋಟ ಕೆಳಗಿಟ್ಟ. ಮೊದಲ ಸಲ ತಲೆ ಎತ್ತಿ, ಕಂಬದ ಮೇಲಿಂದ ಕೆಳಗಿನವರನ್ನು ಕೂಗುವಾಗಿನ ದನಿಯಲ್ಲಿ ಹೇಳಿದ: "ಬಲಿತ ಎಲೆ!"

"ಏನು ಹೇಳಿದೆ?" ಎಂದರು ಅಣ್ಣನ ಮಾವ.

"ಪೂರ್ತಿ ಬಲಿತ ಎಲೆ. ಮೇ ತಿಂಗಳಿಂದ. ಯಾವ ಫ್ಯಾಕ್ಟರಿಯೂ ಮುಟ್ಟೋದಿಲ್ಲೆ."

"ನನ್ನ ತೋಟ ನೀ ನೋಡಿದ್ದೀಯಾ?" ಮಾವ ಎದ್ದು ನಿಂತರು. ಅವರ ತಮ್ಮನೂ ಎದ್ದರು. "ಹೆಣ್ಣು ಕೇಳಿಕೊಂಡು ಬಂದವ ನನ್ನ ಎಲೆಗೆ ಹೆಸರಿಡ್ತೀಯಾ? ಬಾ ಹೊರಗೆ, ಒಂದೊಂದು ಗಿಡ ತೋರಿಸುವೆ!"

ನಾನು ತುಪ್ಪದಿಟ್ಟು ಕೈಯಲ್ಲಿ ಹಿಡಿದು ಕಲ್ಲಾಗಿ ಕೂತಿದ್ದೆ. ಆಗ ಬಾಗಿಲ ಹತ್ತಿರ ಒಂದು ಸದ್ದಾಯಿತು. ಅತ್ತಿಗೆ ಬಾಯಿಗೆ ಸೆರಗು ತುರುಕಿಕೊಂಡಿದ್ದಳು, ಆದರೂ ತಡೆಯಲಾಗದೆ ನಗು ಹೊರಗೆ ಬಂತು. ಚೌಕಟ್ಟಿಗೆ ಒರಗಿ, ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಅವಳ ಅಪ್ಪ ಬೆಪ್ಪಾಗಿ ಅವಳನ್ನೂ ಅಳಿಯನನ್ನೂ ನೋಡಿದರು.

ನಗು ನಿಂತಾಗ ಅವಳ ಮುಖ ಬೇರೆಯಾಗಿತ್ತು. "ನಿನಗೆ ಕಳ್ಳರ ಮಾತು ತಿಳೀತಿತ್ತಾ?" ಎಂದಳು.

"ಮೊದಲ ದಿನದಿಂದ."

"ತಿಳಿದೂ ನನ್ನ ಚೀಲ ಹೊತ್ತು ಬಸ್ಸಿಗೆ ಹಾಕಿದೆಯಾ?"

"ಅದಕ್ಕೇ ಬಲಿತ ಎಲೆ ಅಂದದ್ದು" ಎಂದ ಅಣ್ಣ.

ಅತ್ತಿಗೆ ಒಳಗೆ ಹೋದಳು. ಆವತ್ತು ನಮ್ಮ ಜೊತೆ ಬರಲಿಲ್ಲ. ಹೊರಡುವಾಗ ನನ್ನನ್ನು ಹಿತ್ತಿಲಿಗೆ ಕರೆದು, "ಸತ್ರದವನನ್ನು ಕಳಿಸಬೇಡ, ಕಾವಲಿನವನನ್ನೂ ಕಳಿಸಬೇಡ. ನಿನ್ನ ಅಣ್ಣನಿಗೆ ಬರಲು ಹೇಳು. ಅವನ ಸ್ವಂತ ದನಿ ಹೇಗಿದೆ ಅಂತ ನಾ ಇನ್ನೂ ಕೇಳಿಲ್ಲೆ" ಎಂದಳು. ಇತ್ತ ಮಾವ ಅಣ್ಣನನ್ನು ತೋಟಕ್ಕೆ ಎಳೆದುಕೊಂಡು ಹೋಗಿ, ಕತ್ತಲಾಗುವ ಮುಂಚೆ ಸಾಧ್ಯವಾದಷ್ಟು ಗಿಡ ತೋರಿಸಿದರು. ಆಮೇಲೆ ಎಷ್ಟು ಬಿಡಿಸಿ ಹೇಳಿದರೂ ಅವರಿಗೆ ಸಮಾಧಾನವಾಗಲಿಲ್ಲ. ಬದುಕಿರುವವರೆಗೂ ಅಳಿಯ ಮನೆಗೆ ಬಂದರೆ ಒಂದು ಹಿಡಿ ಚಿಗುರು ತಂದು ಅವನ ಮುಂದಿಟ್ಟು ಸುಮ್ಮನೆ ಕೂರುತ್ತಿದ್ದರು.

ಅಣ್ಣ ವಾರದ ರಜೆಗೆಲ್ಲ ಅಲ್ಲಿಗೆ ಹೋಗತೊಡಗಿದ. ಚೀಲದಲ್ಲಿ ದಾಳ ಇರಲಿಲ್ಲ, ನಾನು ನೋಡಿದ್ದೇನೆ. ತೋಟದ ಮೇಲಿನ ಬಂಡೆಯ ಹತ್ತಿರ ಕೂತು ಮಾತಾಡುತ್ತಾರಂತೆ ಎಂದು ಸುದ್ದಿ ಬಂತು. ಏನು ಮಾತಾಡಿದರೆಂದು ಇಬ್ಬರೂ ನನಗೆ ಹೇಳಿಲ್ಲ, ಎಷ್ಟು ಕಾಡಿದರೂ ಹೇಳಿಲ್ಲ. ಬೆಳಿಗ್ಗೆ ಹುಲ್ಲಿನ ಮೇಲೆ ಹಿಮ ಬೀಳುವ ಕಾಲ ಬಂತು. ಒಂದು ದಿನ ನಾನು ಟ್ಯೂಷನ್ ಮುಗಿಸಿ ಬಂದರೆ, ಅತ್ತಿಗೆ ನಮ್ಮ ಒಲೆ ಮುಂದೆ ಕೂತು ಅವ್ವೆಯ ಜೊತೆ ಕಾಳು ಬಿಡಿಸುತ್ತಿದ್ದಳು. ನಾನು ಬಾಗಿಲಲ್ಲೇ ನಿಂತೆ. ಅವ್ವೆ ಕಣ್ಣಲ್ಲೇ, ಏನೂ ಕೇಳಬೇಡ, ಬಂದು ಕೂರು ಎಂದಳು. ಕೂತೆ. ಮೂವರೂ ಕಾಳು ಬಿಡಿಸಿದೆವು.

ನಾನು ಹೇಗೋ ಪ್ಲಸ್ ಟೂ ಪಾಸಾದೆ. ಮುಂದಿನ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತಿಗೆ ಏಳು ತಿಂಗಳ ಬಸುರಿ. ಕನ್ನಿ ಕಟ್ಟಲು ದಿನ ಗೊತ್ತಾಯಿತು. ಎರಡೂ ಹಟ್ಟಿಯವರು ಸೇರಿದ್ದರು, ಕೂರಲು ಜಾಗವಿಲ್ಲದೆ ಅಂಗಳದಲ್ಲೂ ಜನ. ಪದ್ಧತಿಯ ಪ್ರಕಾರ ಗಂಡ ದಾರ ಹಿಡಿದು ನಿಂತು ಹೆಂಡತಿಯ ಅಪ್ಪನನ್ನು ಕೇಳಬೇಕು, ನಿನ್ನ ಮಗಳಿಗೆ ಕಟ್ಟಲಾ ಎಂದು. ಅವರು ಕಟ್ಟು ಎನ್ನಬೇಕು. ಮಾವ ಹೊಸ ಅಂಗಿ ಹಾಕಿ, ಉತ್ತರವನ್ನು ಬಾಯಲ್ಲೇ ಇಟ್ಟುಕೊಂಡು ಕೂತಿದ್ದರು.

ಅಣ್ಣ ದಾರ ಹಿಡಿದು ಅವರ ಮುಂದೆ ನಿಂತ. ಆಮೇಲೆ ಅವರಿಗೆ ಬೆನ್ನು ಹಾಕಿ ತಿರುಗಿ, ಮಣೆಯ ಮೇಲೆ ಕೂತ ಅತ್ತಿಗೆಯ ಎದುರು ಮೊಣಕಾಲೂರಿದ.

"ಅವಳನ್ನಲ್ಲ, ಮಾವನನ್ನು ಕೇಳು" ಎಂದು ಹಿರಿಯರೊಬ್ಬರು ಗದರಿದರು.

"ಅವರನ್ನು ಆಮೇಲೆ ಕೇಳುವೆ" ಎಂದ ಅಣ್ಣ. ದನಿ ಜೋರಾಗಿರಲಿಲ್ಲ, ಬೆಲ್ಲದ ಹಾಗೂ ಇರಲಿಲ್ಲ, ಸ್ವಲ್ಪ ನಡುಗುತ್ತಿತ್ತು. "ರುಕ್ಮಿ, ಇದು ಕಟ್ಟಿದರೆ ಮತ್ತೆ ಹೋಗಲು ಕಷ್ಟ. ಇರ್ತೀಯಾ?"

ಅವ್ವೆ ನನ್ನ ಕೈಯನ್ನು ಮುರಿಯುವ ಹಾಗೆ ಹಿಡಿದಿದ್ದಳು. ಅತ್ತಿಗೆ ಅವನ ಮುಖವನ್ನೇ ನೋಡಿದಳು, ಒಂದು ಕೈ ಹಿಂದೆ ಊರಿಕೊಂಡು ಸ್ವಲ್ಪ ನೆಟ್ಟಗೆ ಕೂತಳು, ಕುತ್ತಿಗೆಯ ಮೇಲಿನ ಕೂದಲನ್ನು ತಾನೇ ಪಕ್ಕಕ್ಕೆ ಸರಿಸಿದಳು.

"ಇರ್ತೇನೆ" ಎಂದಳು. "ಬೇಗ ಕಟ್ಟು, ಬೆನ್ನು ನೋಯ್ತದೆ."